ಬಲಾತ್ಕಾರವು ನಿಸರ್ಗನಿಯಮವೇ?

“ಬಲವುಳ್ಳವನು ಆಳುವನು, ಇಲ್ಲದವನು ತಾಳುವನು, ಇದು ಪ್ರಕೃತಿಯ ನಿಯಮ” ಎಂದು, ವಿದ್ಯಾರ್ಥಿನಿಲಯದಲ್ಲಿ ಕಿರಿಯರನ್ನು ಪೀಡಿಸಿದ ಹಿರಿಯ ವಿದ್ಯಾರ್ಥಿಯೊಬ್ಬನು ನನ್ನೊಡನೆ ವಾದಿಸಿದನು. ಅದಕ್ಕೆ ಅವನು ಕೊಟ್ಟ ಆಧಾರ ಆಫ್ರಿಕದ ಬಬೂನ್ ಕೋತಿಗಳದು. ನಾನು ಭೌತಶಾಸ್ತ್ರದ ಅಧ್ಯಾಪಕ. ಪ್ರಾಣಿಶಾಸ್ತ್ರ ನನ್ನ ವಿಷಯವಲ್ಲ. ಆದರೆ ಒಂದು ವೀಕ್ಷಣೆಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದು ಎಲ್ಲ ವಿಜ್ಞಾನಗಳಿಗೂ ಸೇರಿದ ಪ್ರಶ್ನೆ.

೧೯೨೫ರಲ್ಲಿ ಲಂಡನ್ನಿನ ಮೃಗಾಲಯದವರು ಸುಮಾರು ನೂರು ಹಮದ್ರಿಯಾಸ್ ಬಬೂನುಗಳನ್ನು ಕೃತಕ ಗುಡ್ಡವೊಂದರಲ್ಲಿ ಕೂಡಿಟ್ಟರು. ಅವುಗಳಲ್ಲಿ ಬಹುಪಾಲು ಗಂಡುಗಳು. ಕೆಲವೇ ಹೆಣ್ಣುಗಳಿಗಾಗಿ ಅವು ಕಾದಾಡಿದವು. ಅನೇಕ ಪ್ರಾಣಿಗಳು ಸತ್ತವು. ಈ ವೀಕ್ಷಣೆಯನ್ನೊಳಗೊಂಡು ಸಾಲಿ ಜುಕರ್ಮನ್ ಅವರು ೧೯೩೨ರಲ್ಲಿ ಪ್ರಕಟಿಸಿದ ಗ್ರಂಥವು ಬಹುಕಾಲ ಪ್ರಭಾವ ಬೀರಿತು. ಆದರೆ ಉಷ್ಣಮಾಪಕವನ್ನು ಒಲೆಯ ಬಳಿ ಇಟ್ಟು, ಊರಿನ ಉಷ್ಣತೆ ಇಷ್ಟೆಂದು ಸಾರಿದರೆ ನಾವು ಒಪ್ಪುವೆವೇ? ಸೆರೆಯ ಪರಿಣಾಮವನ್ನು ಅಲ್ಲಿ ಪ್ರಾಣಿಯ ಸ್ವಭಾವವೆಂದು ಎಣಿಸಲಾಯಿತು.

ಬಯಲಿನಲ್ಲಿ ಕಂಡದ್ದು ಬೇರೆ. ಕೀನ್ಯದ ಆಲಿವ್ ಬಬೂನುಗಳಲ್ಲಿ ಹೆಣ್ಣು ಹುಟ್ಟಿದ ಹಿಂಡಿನಲ್ಲಿಯೇ ಬಾಳುತ್ತದೆ. ಪ್ರಾಯಕ್ಕೆ ಬಂದ ಗಂಡು ಸಾಮಾನ್ಯವಾಗಿ ಪರರ ಹಿಂಡನ್ನು ಸೇರುತ್ತದೆ. ಅಲ್ಲಿ ನೆಲೆಯೂರಲು ಕೋರೆಹಲ್ಲೊಂದೇ ಸಾಲದು. ೧೯೭೨ರಿಂದ ಅವುಗಳನ್ನು ಅಭ್ಯಸಿಸಿದ ಶರ್ಲಿ ಸ್ಟ್ರಮ್ ಅವರು, ಗಂಡುಗಳು ಹೆಣ್ಣುಗಳ ಮತ್ತು ಮರಿಗಳ ಸ್ನೇಹವನ್ನು ಸಂಪಾದಿಸುವುದನ್ನು ಕಂಡರು.

ಇನ್ನೊಂದು ನಿದರ್ಶನ ಇದಕ್ಕಿಂತಲೂ ಸ್ವಾರಸ್ಯಕರವಾದುದು. ಮಸಾಯಿ ಮಾರಾದಲ್ಲಿ ರಾಬರ್ಟ್ ಸಪೋಲ್ಸ್ಕಿಯವರು ಗಮನಿಸುತ್ತಿದ್ದ ಹಿಂಡಿನ ಜಗಳಗಂಟ ಗಂಡುಗಳು ಪ್ರವಾಸಿಗೃಹದ ಕಸದಗುಂಡಿಗೆ ಮೇಯಲು ಹೋಗುತ್ತಿದ್ದವು. ೧೯೮೦ರ ದಶಕದಲ್ಲಿ, ಅಲ್ಲಿಯ ಕ್ಷಯ ಸೋಂಕಿದ ಮಾಂಸವನ್ನು ತಿಂದು ಅವು ಸತ್ತವು. ಸೌಮ್ಯವಾದ ಗಂಡುಗಳು ಉಳಿದವು. ಮೇಲು-ಕೀಳೆಂಬ ಅಂತಸ್ತು ಅಳಿಯಲಿಲ್ಲ; ಆದರೆ ಕೆಳಗಿನವುಗಳನ್ನು ಪೀಡಿಸುವುದು ಕುಗ್ಗಿತು, ಪರಸ್ಪರ ರೋಮ ಹೆಕ್ಕಿ ಶುಚಿಗೊಳಿಸುವುದು ಹೆಚ್ಚಿತು. ೧೯೯೩ರ ವೇಳೆಗೆ ಆ ಹಳೆಯ ಗಂಡುಗಳಲ್ಲಿ ಒಂದೂ ಅಲ್ಲಿರಲಿಲ್ಲ. ಹೊರಗಿನಿಂದ ಬಂದು ಸೇರಿದ ಗಂಡುಗಳೂ ಅದೇ ನಡತೆಯನ್ನು ರೂಢಿಸಿಕೊಂಡಿದ್ದವು! ೨೦೦೪ರಲ್ಲಿ ಈ ವರದಿ ಪ್ರಕಟವಾಯಿತು.

ಒಂದು ಹಿಂಡಿನಿಂದ ನಿಯಮವನ್ನು ಕಟ್ಟಲಾಗದು, ನಿಜ. ಆದರೆ “ಇದು ಎಂದಿಗೂ ಬದಲಾಗದು” ಎಂಬ ವಾದವನ್ನು ಮುರಿಯಲು ಒಂದು ನಿದರ್ಶನವೇ ಸಾಕು. ಮನುಷ್ಯನು ತನ್ನ ನೀತಿಗಾಗಿ ಕೋತಿಯನ್ನು ಸಾಕ್ಷಿಗೆ ಕರೆಯಬೇಕಾಗಿಲ್ಲ. ಕರೆದರೂ ಅದು ಪೀಡಕನ ಪರವಾಗಿ ನುಡಿಯುವುದಿಲ್ಲ.

ಆ ವಿದ್ಯಾರ್ಥಿಗೆ ನಾನು ಹೇಳಿದುದು ಇಷ್ಟೇ: “ಹೊಸದಾಗಿ ನಿಲಯಕ್ಕೆ ಬಂದ ಹುಡುಗನು ಈ ವರ್ಷ ಕಂಡುದನ್ನೇ ಮುಂದಿನ ವರ್ಷ ಮಾಡುವನು. ಅವನಿಗೆ ಏನನ್ನು ತೋರಿಸಬೇಕೆಂಬುದು ನಿನ್ನ ಕೈಯಲ್ಲಿದೆ.”