ಮಾಸಿನ ರಿಪೋರ್ಟು

ಬಸುರಿಯ ಡಬಲ್ ಮಾರ್ಕರ್ ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ‘ಹೈ ರಿಸ್ಕ್’ ಎಂದು ಕೆಂಪಕ್ಷರ ಕಂಡ ದಿನ ಆ ಮನೆಯಲ್ಲಿ ಯಾರ ಗಂಟಲಲ್ಲೂ ಅನ್ನ ಇಳಿಯುವುದಿಲ್ಲ. ಅತ್ತೆ ಹರಕೆ ಹೊರುತ್ತಾರೆ, ಗಂಡ ಮೊಬೈಲ್ ಹಿಡಿದು ಹುಡುಕುತ್ತ ಕೂರುತ್ತಾನೆ, ಮಾತಾಡುವವರ ನಡುವೆ ಬಸುರಿಯೊಬ್ಬಳೇ ಮೌನ. ಮೂವರಿಗೂ ಅರ್ಥವಾಗಿರುವುದು ಒಂದೇ: ಮಗುವಿಗೆ ಏನೋ ಆಗಿದೆ. ಆ ಹಾಳೆಯನ್ನು ಇನ್ನೊಮ್ಮೆ ನೋಡಬೇಕು. ಅದರಲ್ಲಿ ಮಗುವಿನ ಮೈಯಿಂದಲೇ ತೆಗೆದ ಅಳತೆ ಎಂದರೆ ಸ್ಕ್ಯಾನಿನಲ್ಲಿ ಸಿಕ್ಕವು ಮಾತ್ರ: ಮಗುವಿನ ಉದ್ದ, ಕತ್ತಿನ ಹಿಂದಿನ ನೀರಪದರದ ದಪ್ಪವಾದ ಎನ್‌ಟಿ. ರಕ್ತದ ಎರಡು ಅಂಕಿಗಳು, ಎಚ್‌ಸಿಜಿ ಮತ್ತು ಪ್ಯಾಪ್-ಎ, ಮಾಸಿನವು. ಮಾಸು ಹೇಗೆ ಕೆಲಸ ಮಾಡುತ್ತಿದೆ ಎಂದು ನೋಡಿ, ಮಗು ಹೇಗಿರಬಹುದು ಎಂದು ಲೆಕ್ಕ ಹಾಕಿದ ಕಾಗದ ಅದು.

ಇದನ್ನು ರಕ್ತ ತೆಗೆಯುವ ಮೊದಲೇ ಹೇಳಬೇಕು ಎನ್ನುವುದಷ್ಟೇ ನನ್ನ ತಕರಾರು.

ಮಾಸು ತಾಯಿಯ ಅಂಗವಲ್ಲ. ಮಗು ಯಾವ ಮೊಟ್ಟೆಯಿಂದ ಬಂತೋ ಅದೇ ಮೊಟ್ಟೆಯ ಹೊರಪದರ ಬೆಳೆದು ಆಗಿದ್ದು. ಆದ್ದರಿಂದ ಸಾಮಾನ್ಯವಾಗಿ ಇಬ್ಬರ ಕ್ರೋಮೋಸೋಮುಗಳೂ ಒಂದೇ. ಮಗುವಿನಲ್ಲಿ 21ನೇ ಕ್ರೋಮೋಸೋಮ್ ಮೂರಿದ್ದರೆ (ಟ್ರೈಸೊಮಿ 21, ಅಂದರೆ ಡೌನ್ ಸಿಂಡ್ರೋಮ್) ಮಾಸಿನಲ್ಲೂ ಮೂರಿರುತ್ತವೆ. ಇಷ್ಟು ಕೇಳಿದವರು, ಹಾಗಾದರೆ ಎಚ್‌ಸಿಜಿಯ ಜೀನ್ 21ರ ಮೇಲೇ ಇರಬೇಕು, ಅದಕ್ಕೇ ಡೌನ್ ಸಿಂಡ್ರೋಮಿನಲ್ಲಿ ಅದು ಏರುತ್ತದೆ ಎಂದುಕೊಳ್ಳುತ್ತಾರೆ. ಹಾಗಿಲ್ಲ. ಎಚ್‌ಸಿಜಿಯ ಒಂದು ತುಂಡಿನ ಜೀನ್ 6ರಲ್ಲಿದೆ, ಇನ್ನೊಂದರದು 19ರಲ್ಲಿ. ಪ್ಯಾಪ್-ಎ ಜೀನ್ 9ರಲ್ಲಿ. ಹೆಚ್ಚಾಗಿರುವುದು 21, ತಾಳ ತಪ್ಪುವುದು 19 ಮತ್ತು 9ರ ಸರಕು.

ಕಾರಣ ಮಾಸಿನ ಬೆಳವಣಿಗೆಯಲ್ಲಿದೆ. ಮಾಸಿನ ಹೊರಜೀವಕೋಶಗಳು ಬಿಡಿಬಿಡಿಯಾಗಿ ಉಳಿಯುವುದಿಲ್ಲ. ಒಂದಕ್ಕೊಂದು ಬೆಸೆದು, ಗೋಡೆಗಳಿಲ್ಲದ ಒಂದೇ ಹಾಸಾಗುತ್ತವೆ. ಎಚ್‌ಸಿಜಿ ಮುಖ್ಯವಾಗಿ ತಯಾರಾಗುವುದು ಆ ಹಾಸಿನಲ್ಲಿ. ಟ್ರೈಸೊಮಿ 21ರ ಮಾಸಿನಲ್ಲಿ ಈ ಬೆಸುಗೆ ನಿಧಾನ, ಅರೆಬರೆ. 21ರ ಮೇಲಿರುವ ಎಸ್‌ಒಡಿ-1 ಎಂಬ ಜೀನಿನ ಅತಿ ಕೆಲಸ ಇದಕ್ಕೆ ಒಂದು ಕಾರಣ ಎಂದು ಫ್ರಾನ್ಸಿನ ಸಂಶೋಧಕರು ತೋರಿಸಿದ್ದಾರೆ. ಸಾಮಾನ್ಯ ಬಸುರಿನಲ್ಲಿ ಎಚ್‌ಸಿಜಿ ಎಂಟರಿಂದ ಹನ್ನೊಂದನೇ ವಾರದ ಹೊತ್ತಿಗೆ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ. ಬಲಿಯಲು ತಡಮಾಡುವ ಮಾಸಿನಲ್ಲಿ ಆ ಇಳಿತವೂ ತಡ. ಉಳಿದವರದು ಇಳಿದಿರುವಾಗ ಇಂಥ ಮಗುವಿನ ಬಸುರಿಯದು ಮೇಲೇ ಇರುತ್ತದೆ, ಸುಮಾರು ಇಮ್ಮಡಿ. ಪ್ಯಾಪ್-ಎ ಮಾತ್ರ ಮೊದಲ ಮೂರು ತಿಂಗಳಲ್ಲಿ ಅರ್ಧಕ್ಕಿಳಿದಿರುತ್ತದೆ.

18ನೆಯದು ಮೂರಿದ್ದರೆ ಕಥೆಯೇ ಬೇರೆ. ಮಾಸು ಸಣ್ಣದು, ಎರಡೂ ಅಂಕಿ ಪಾತಾಳಕ್ಕೆ. ಟ್ರಿಪ್ಲಾಯ್ಡಿ, ಅಂದರೆ 46ರ ಬದಲು 69 ಇದ್ದರೆ, ಹೆಚ್ಚಿನ 23 ಬಂದದ್ದು ಅಪ್ಪನಿಂದಲೋ ಅಮ್ಮನಿಂದಲೋ ಎಂಬುದರ ಮೇಲೆ ಎಲ್ಲ ನಿಂತಿದೆ. ಅಪ್ಪನದಾದರೆ ಮಾಸು ಊದಿಕೊಂಡು ನೀರುಗುಳ್ಳೆಗಳಿಂದ ತುಂಬುತ್ತದೆ, ಎಚ್‌ಸಿಜಿ ಗಗನಕ್ಕೇರುತ್ತದೆ. ಅಮ್ಮನದಾದರೆ ಮಾಸು ಮುದುಡಿ ಎಚ್‌ಸಿಜಿ ತಳ ಸೇರುತ್ತದೆ. ಲೆಕ್ಕಕ್ಕೆ ಎರಡೂ 69. ಮಾಸಿಗೆ ಮಾತ್ರ ಯಾರ ಕಡೆಯದು ಎಂಬುದು ಗೊತ್ತು.

ಈ ಪರೀಕ್ಷೆಗಳ ವಂಶವೃಕ್ಷ ಒಬ್ಬ ತಾಯಿಯ ಪ್ರಶ್ನೆಯಿಂದ ಶುರುವಾಯಿತು. ಅಮೆರಿಕದಲ್ಲಿ ಟ್ರೈಸೊಮಿ 18 ಇದ್ದ ಮಗುವನ್ನು ಹೆತ್ತ ಹೆಂಗಸು, ಬಸುರಿನಲ್ಲಿ ತನ್ನ ಎಎಫ್‌ಪಿ ಎಂಬ ಪ್ರೋಟೀನು ರಕ್ತದಲ್ಲಿ ತೀರಾ ಕಡಿಮೆ ಬಂದಿತ್ತಲ್ಲ, ಅದಕ್ಕೂ ಇದಕ್ಕೂ ಸಂಬಂಧವಿದೆಯೇ ಎಂದು ಕೇಳಿದಳು. ವೈದ್ಯರು ಹಳೆಯ ದಾಖಲೆ ತೆಗೆದು ನೋಡಿದರು. 1984ರಲ್ಲಿ ಮರ್ಕಾಟ್ಸ್ ಮತ್ತು ಸಂಗಡಿಗರ ಲೇಖನ ಬಂತು, 1987ರಲ್ಲಿ ಎಚ್‌ಸಿಜಿ ಸೇರಿತು, 1988ರಲ್ಲಿ ಲಂಡನ್ನಿನ ನಿಕೋಲಸ್ ವಾಲ್ಡ್ ಇವೆರಡಕ್ಕೆ ಮೂರನೆಯದೊಂದನ್ನು ಸೇರಿಸಿ, ತಾಯಿಯ ವಯಸ್ಸಿನ ಜೊತೆ ಕೂಡಿಸಿ ಟ್ರಿಪಲ್ ಟೆಸ್ಟ್ ಮಾಡಿದರು. (ಎಎಫ್‌ಪಿ ಮಗುವಿನ ಯಕೃತ್ತಿನದು. ಆದರೆ ತಾಯಿಯ ರಕ್ತಕ್ಕೆ ಬರಲು ಅದಕ್ಕೂ ಬಹುಪಾಲು ಮಾಸಿನ ದಾರಿಯೇ.)

ಈಗ ಕೆಂಪಕ್ಷರದ ಲೆಕ್ಕ. 1:180 ಎಂದು ಬಂದಿದೆ ಅಂದುಕೊಳ್ಳಿ. ಇಂಥದೇ ರಿಪೋರ್ಟು ಬಂದ 180 ಬಸುರಿಯರಲ್ಲಿ ಒಬ್ಬಳ ಮಗುವಿಗೆ ಡೌನ್ ಸಿಂಡ್ರೋಮ್ ಇರುತ್ತದೆ, 179 ಮಂದಿಯ ಮಕ್ಕಳಿಗೆ ಇರುವುದಿಲ್ಲ. ಪ್ರಯೋಗಾಲಯ 1:250ಕ್ಕೆ ಗೆರೆ ಎಳೆದಿದ್ದರೆ 1:180 ಕೆಂಪು, 1:300 ಹಸಿರು. ಸ್ಕ್ಯಾನ್ ಸೇರಿಸಿ ಮಾಡಿದ ಒಳ್ಳೆಯ ಪರೀಕ್ಷೆಯೂ ನೂರಕ್ಕೆ ಸುಮಾರು ಐದು ಜನರನ್ನು ಹೈ ರಿಸ್ಕ್ ಎನ್ನುತ್ತದೆ, ನೂರು ಡೌನ್ ಬಸುರುಗಳಲ್ಲಿ ಹತ್ತು ಹದಿನೈದನ್ನು ಬಿಟ್ಟೂ ಬಿಡುತ್ತದೆ. ಆ ಅಂಕಿಯೂ ತಾಯಿಯ ತೂಕ, ಐವಿಎಫ್, ಅವಳಿ, ಎಲ್ಲಕ್ಕಿಂತ ಹೆಚ್ಚಾಗಿ ಬಸುರಿನ ವಾರವನ್ನು ನೆಚ್ಚಿಕೊಂಡಿದೆ. ವಾರ ತಪ್ಪಿದರೆ ಎಚ್‌ಸಿಜಿಯ ಅರ್ಥವೇ ತಪ್ಪುತ್ತದೆ.

ಆದರೂ ನನಗೆ ಇದಕ್ಕಿಂತ ದೊಡ್ಡದೆನಿಸಿದ್ದು ಬೇರೊಂದು ವಿಷಯ. ಮಗು ಮತ್ತು ಮಾಸು ಒಂದೇ ಮೊಟ್ಟೆಯವಾದರೂ ಯಾವಾಗಲೂ ಒಂದೇ ಲೆಕ್ಕ ಇಟ್ಟುಕೊಂಡಿರುವುದಿಲ್ಲ. 1983ರಲ್ಲಿ ಕೆನಡಾದ ವ್ಯಾಂಕೂವರಿನ ಡಗ್ಮಾರ್ ಕಲೂಸೆಕ್ ಮತ್ತು ಫ್ರೆಡ್ ಡಿಲ್, ಮಗು ಸರಿಯಾಗಿದ್ದು ಮಾಸಿನಲ್ಲಿ ಮಾತ್ರ ಕ್ರೋಮೋಸೋಮ್ ಏರುಪೇರಾಗಿದ್ದ ಪ್ರಕರಣಗಳನ್ನು ತೋರಿಸಿದರು. ಮಾಸಿನ ಚೂರು ತೆಗೆದು ನೋಡುವ ಸಿವಿಎಸ್ ಪರೀಕ್ಷೆಯಲ್ಲಿ ನೂರಕ್ಕೆ ಒಂದೆರಡು ಇಂಥವು ಸಿಗುತ್ತವೆ. ಮೂರಿದ್ದ ಕ್ರೋಮೋಸೋಮುಗಳಲ್ಲಿ ಒಂದನ್ನು ಕೆಲವು ಜೀವಕೋಶಗಳು ಮೊದಲ ದಿನಗಳಲ್ಲೇ ಕಳೆದುಕೊಂಡು, ಅವುಗಳಿಂದಲೇ ಮಗು ಆಗಿರಬಹುದು. ಹಾಗೆಂದು ಮಾಸಿನ ದೋಷ ನಿರುಪದ್ರವಿಯೆಂದಲ್ಲ. ಮಾಸಿನಲ್ಲಿ 16 ಮೂರಿದ್ದರೆ ಮಗು ಬೆಳೆಯದೆ ಸೊರಗಬಹುದು, ತಾಯಿಗೆ ಬಿ.ಪಿ. ಏರಬಹುದು.

ಇದರ ತಿರುವು ಇನ್ನೂ ಬೆರಗಿನದು. 1989ರಲ್ಲಿ ಕಲೂಸೆಕ್ ತಂಡವೇ ಟ್ರೈಸೊಮಿ 13 ಮತ್ತು 18 ಇದ್ದ ಮಕ್ಕಳ ಮಾಸುಗಳನ್ನು ಪರೀಕ್ಷಿಸಿತು. ಇಂಥ ಬಸುರು ಹೆಚ್ಚಿನಂಶ ಉಳಿಯುವುದೇ ಇಲ್ಲ. ಜೀವಂತ ಹುಟ್ಟುವಷ್ಟು ದೂರ ಬಂದ ಮಕ್ಕಳ ಮಾಸಿನಲ್ಲಿ ಸಾಮಾನ್ಯ ಜೀವಕೋಶಗಳೂ ಬೆರೆತಿದ್ದವು. ಮಗುವಿನ ಕ್ರೋಮೋಸೋಮ್ ಕೈಕೊಟ್ಟಾಗ ಮಾಸು ಒಂಬತ್ತು ತಿಂಗಳು ಹೊತ್ತು ತಂದಿದೆ. ಹೆರಿಗೆಯಾದ ಮೇಲೆ ನಾವು ಅದನ್ನು ಹಳದಿ ಚೀಲಕ್ಕೆ ಹಾಕಿ ಕಳಿಸುತ್ತೇವೆ. ಏರುಪೇರಿನ ಬಸುರಿನಲ್ಲಾದರೂ ಅದನ್ನು ಪೆಥಾಲಜಿಗೆ ಕಳಿಸುವ ರೂಢಿ ನಮ್ಮ ಎಷ್ಟು ಹೆರಿಗೆ ಆಸ್ಪತ್ರೆಗಳಲ್ಲಿದೆ?

‘ಹಾಗಾದರೆ ಎನ್‌ಐಪಿಟಿ ಮಾಡಿಸಿ, ಅದು ಮಗುವಿನ ಡಿಎನ್‌ಎ’ ಎಂಬ ಮಾತು ಈಗ ಎಲ್ಲೆಡೆ. ತಾಯಿಯ ರಕ್ತದಲ್ಲಿ ಆ ಪರೀಕ್ಷೆ ಓದುವ ಈ ಡಿಎನ್‌ಎ ತೇಲುತ್ತಿರುವುದನ್ನು 1997ರಲ್ಲಿ ತೋರಿಸಿದವರು ಹಾಂಗ್‌ಕಾಂಗಿನ ಡೆನಿಸ್ ಲೋ. ದೊಡ್ಡ ಶೋಧ. ಡೌನ್ ಸಿಂಡ್ರೋಮ್ ಪತ್ತೆಯಲ್ಲಿ ಅದು ಡಬಲ್ ಮಾರ್ಕರ್‌ಗಿಂತ ಬಹಳ ಮುಂದಿದೆ, ನೂರಕ್ಕೆ 99ನ್ನು ಹಿಡಿಯುತ್ತದೆ. ಆದರೆ ಆ ಡಿಎನ್‌ಎ ಉದುರುವುದೂ ಮಾಸಿನ ಜೀವಕೋಶಗಳಿಂದಲೇ. ಭ್ರೂಣವೇ ಇಲ್ಲದ ಖಾಲಿ ಚೀಲದ ಬಸುರಿನಲ್ಲೂ ಅದು ಸಿಗುತ್ತದೆ. ಬಾಗಿಲಲ್ಲಿ ನಿಂತ ಆಳನ್ನು ವಿಚಾರಿಸಿ ಒಳಮನೆಯ ಸುದ್ದಿ ತಿಳಿದಂತೆ: ಆಳು ಬಹಳ ಸಲ ನಿಜವನ್ನೇ ಹೇಳುತ್ತಾನೆ, ಆದರೆ ಒಳಗೆ ಹೋಗಿ ನೋಡಿದಂತಾಗುವುದಿಲ್ಲ. ಒಳಗೆ ನೋಡುವ ಪರೀಕ್ಷೆ, ಮಗುವಿನ ಸುತ್ತಲಿನ ನೀರನ್ನು ಸೂಜಿಯಿಂದ ತೆಗೆದು ನೋಡುವ ಆಮ್ನಿಯೋಸೆಂಟೆಸಿಸ್, ಹದಿನೈದು ವಾರ ದಾಟಿದ ಮೇಲೆ. ಎನ್‌ಐಪಿಟಿ ಪಾಸಿಟಿವ್ ಬಂತೆಂದು ಅದನ್ನು ಮಾಡಿಸದೆ ಬಸುರು ತೆಗೆಸಲು ಹೊರಡುವವರಿಗೆ, ಹೊರಡಿಸುವವರಿಗೆ, ಇದನ್ನು ಯಾರಾದರೂ ಹೇಳಲೇಬೇಕು. ಇಪ್ಪತ್ತೈದರ ಹೆಂಗಸಿನಲ್ಲಿ ಪಾಸಿಟಿವ್ ಸುಳ್ಳಾಗುವ ಸಂಭವ ನಲವತ್ತರ ಹೆಂಗಸಿಗಿಂತ ಹೆಚ್ಚು.

1994ರ ಪಿಸಿಪಿಎನ್‌ಡಿಟಿ ಕಾಯ್ದೆಯನ್ನು ನಾವು ಹೆಣ್ಣುಭ್ರೂಣ ಹತ್ಯೆಯ ಜೊತೆ ಮಾತ್ರ ನೆನೆಯುತ್ತೇವೆ. ಅದರಲ್ಲಿ ಇನ್ನೊಂದು ಮಾತೂ ಇದೆ: ಪರೀಕ್ಷೆಗೆ ಮುಂಚೆ ಹೆಂಗಸಿನ ಲಿಖಿತ ಒಪ್ಪಿಗೆಯನ್ನು ಅವಳಿಗೆ ತಿಳಿಯುವ ಭಾಷೆಯಲ್ಲಿ ಪಡೆಯಬೇಕು. ಹೊಟ್ಟೆಗೆ ಸೂಜಿ ಹಾಕುವಾಗ ಈ ನಿಯಮ ನೆನಪಾಗುತ್ತದೆ. ತೋಳಿನಿಂದ ಎರಡು ಟ್ಯೂಬ್ ರಕ್ತ ತೆಗೆಯುವಾಗ ‘ಎಲ್ಲರಿಗೂ ಮಾಡ್ತೀವಮ್ಮ’ ಎನ್ನುವಲ್ಲಿಗೆ ಸಮಾಲೋಚನೆ ಮುಗಿಯುತ್ತದೆ. ರಿಪೋರ್ಟು ಬರುವುದು ಇಂಗ್ಲಿಷಿನಲ್ಲಿ, ಅದೂ ವಾಟ್ಸ್ಆ್ಯಪಿಗೆ, ಡಾಕ್ಟರಿಗಿಂತ ಮೊದಲು. ಅದರಲ್ಲಿ ಡೌನ್ ಸಿಂಡ್ರೋಮ್ ಇರುವವರು ಶಾಲೆಗೆ ಹೋಗುತ್ತಾರೆ, ಕೆಲಸ ಮಾಡುತ್ತಾರೆ, ಒಳ್ಳೆಯ ವೈದ್ಯಕೀಯ ನೆರವಿದ್ದ ಕಡೆ ಅರವತ್ತರ ಹತ್ತಿರ ಬದುಕುತ್ತಾರೆ ಎಂಬ ಒಂದು ಸಾಲೂ ಇರುವುದಿಲ್ಲ.

ಕಾಲದ ಒತ್ತಡವೂ ಇದೆ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ಪ್ರಕಾರ 24 ವಾರದ ಮೇಲೆ ಗರ್ಭಪಾತಕ್ಕೆ ವೈದ್ಯಕೀಯ ಮಂಡಳಿ ಒಪ್ಪಬೇಕು. ಹದಿನೆಂಟನೇ ವಾರದಲ್ಲಿ ಕ್ವಾಡ್ರುಪಲ್ ಎಂಬ ರಕ್ತಪರೀಕ್ಷೆ ಮಾಡಿಸಿ, ಆಮೇಲೆ ಆಮ್ನಿಯೋಗೆ ಬೆಂಗಳೂರಿಗೋ ಮಣಿಪಾಲಕ್ಕೋ ಹೋಗಿ, ಕಲ್ಚರ್ ಫಲಿತಾಂಶಕ್ಕೆ ಎರಡು ಮೂರು ವಾರ ಕಾದರೆ ಯೋಚಿಸಲು ಉಳಿಯುವುದು ಕೆಲವೇ ದಿನ. ಆದ್ದರಿಂದ ಪ್ರಶ್ನೆಗಳನ್ನು ರಕ್ತ ಕೊಡುವ ಮೊದಲೇ ಕೇಳಿ: ನನ್ನ ವಾರವನ್ನು ಸ್ಕ್ಯಾನಿನಿಂದ ಬರೆದಿದ್ದೀರೋ, ನಾನು ಹೇಳಿದ ಮುಟ್ಟಿನ ತಾರೀಖಿನಿಂದಲೋ? ಇವತ್ತಿನ ತೂಕ ಹಾಕಿದ್ದೀರಾ? ಕೆಂಪು ಬಂದರೆ ಮುಂದಿನ ಪರೀಕ್ಷೆ ಯಾವುದು, ಎಲ್ಲಿ, ಎಷ್ಟಾಗುತ್ತದೆ, ಆ ರಿಪೋರ್ಟನ್ನು ಕನ್ನಡದಲ್ಲಿ ಕೂತು ವಿವರಿಸುವವರು ಯಾರು?