ಸಹಿ ಅಷ್ಟ ಮಾಡವ್ವಾ

ನಮ್ಮ ಓಣ್ಯಾಗ ಯಾರದರ ವೀಸಾ ಬಂತಂದ್ರ ನಾವು ಮೊದಲ ಕೇಳೂದು ಪೇಢಾ. "ಪುಣ್ಯಾ ಮಾಡೀರಿ ಬಿಡ್ರಿ ವೈನಿ, ಮಗಾ ಕರಿಸ್ಕೊಳ್ಳಾಕತ್ತಾನ" ಅಂತ ನಾವ ಮುಂದಾಗಿ ಹೇಳ್ತೀವಿ. ವೈನಿಗೆ ಹೋಗೂ ಮನಸೈತೋ ಇಲ್ಲೋ, ಒಬ್ರೂ ಕೇಳಂಗಿಲ್ಲ. ಮಗಾನೂ ಕೇಳಿರಂಗಿಲ್ಲ. ರಾತ್ರಿ ವಿಡಿಯೋ ಕಾಲಿನ್ಯಾಗ "ಫಾರ್ಮ್ ಎಲ್ಲಾ ನಾ ತುಂಬೇನಿ, ನೀ ಸಹಿ ಅಷ್ಟ ಮಾಡವ್ವಾ" ಅಂದಿರ್ತಾನ.

ನನ್ನ ಜಗಳ ಈ "ಅಷ್ಟ" ಅನ್ನೂ ಮಾತಿನ ಜೋಡಿ.

ಬ್ಯಾಂಕಿನ್ಯಾಗ ಹತ್ತು ಸಾವಿರ ತಗೀಬೇಕಾದ್ರ ಚೀಟಿ ಎರಡ ಸಲ ಓದ್ತೀವಿ. ಉಳಿದ ಆಯುಷ್ಯ ಎಲ್ಲಿ ಕಳೀಬೇಕು ಅನ್ನೂ ಕಾಗದಕ್ಕ ಮಾತ್ರ ಓದಲಾರದ ಸಹಿ ಹಾಕ್ತೀವಿ. ಅಮೆರಿಕಾದ ಡಿಎಸ್-160 ಫಾರ್ಮ್ ಬ್ಯಾರೇದವ್ರು ತುಂಬಿಕೊಟ್ರ ನಡೀತೈತಿ. ಆದ್ರ ಸಹಿ ಬಟನ್ ಅರ್ಜಿ ಹಾಕಿದಾಕಿನ ಒತ್ತಬೇಕು. ಯಾಕಂದ್ರ ಅದರಾಗಿನ ಉತ್ತರಕ್ಕ ಹೊಣಿ ಆಕಿದು, ಮಗಂದಲ್ಲ.

ಎಲ್ಲಾ ವೀಸಾನೂ ಒಂದ ಅಲ್ರಿ. ಅಮೆರಿಕಾದ ಬಿ-2 ಅಂದ್ರ ಹೋಗಿ ಬರೂದು. ಪಾಸ್‌ಪೋರ್ಟಿನ್ಯಾಗ 10 ವರ್ಷದ ಚೀಟಿ ಹಚ್ಚಿಕೊಡ್ತಾರ, ನಾವು ಹತ್ತು ವರ್ಷ ಇರಬಹುದು ಅಂತ ತಿಳ್ಕೋತೀವಿ. ಹಂಗಿಲ್ಲ. ಒಂದ ಸಲ ಹೋದ್ರ ಎಷ್ಟ ದಿನಾ ಇರಬೇಕನ್ನೂದನ್ನ ವಿಮಾನ ಇಳಿದ ಮ್ಯಾಲೆ ಅಲ್ಲಿ ಅಧಿಕಾರಿ ಹೇಳ್ತಾನ, ಸಾಮಾನ್ಯ 6 ತಿಂಗಳು. ಗ್ರೀನ್ ಕಾರ್ಡ್ ಅಂದ್ರ ಅಲ್ಲೇ ಮನಿ ಮಾಡೂದು. ಕಾರ್ಡ್ ತಗೊಂಡು, ಮೊದಲ ಪರವಾನಗಿ ತಗೋಲಾರದ ವರ್ಷಕ್ಕಿಂತ ಹೆಚ್ಚು ಧಾರವಾಡದಾಗ ಕುಂತ್ರ, ಆ ಕಾರ್ಡ್ ನಂಬಿ ತಿರುಗಿ ಹೋಗೂದು ಕಷ್ಟ. ಕೆನಡಾದ ಸೂಪರ್ ವೀಸಾದಾಗ 2022ರಿಂದ ಒಂದ ಸಲಕ್ಕ 5 ವರ್ಷದ ತನಕ ಇರಬಹುದು, ಆದ್ರ ಕಮ್ಮಿ ಅಂದ್ರೂ 1 ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮಾ ಬೇಕು. ಆಸ್ಟ್ರೇಲಿಯಾದಾಗ ತಂದಿತಾಯಿ ಸಾದಾ ವೀಸಾದ ಪಾಳಿ ಸುಮಾರು 30 ವರ್ಷ ಅಂತ ಅಲ್ಲಿ ಸರಕಾರನ ಹೇಳೈತಿ. ಅರವತ್ತೈದಕ್ಕ ಅರ್ಜಿ ಹಾಕಿದಾಕಿ ತೊಂಬತ್ತೈದಕ್ಕ ಪೆಟಿಗಿ ಕಟ್ಟಬೇಕು! ಇಂಗ್ಲೆಂಡಿಂದು ಇನ್ನೂ ಬಿಗಿ. ಜಳಕಾ, ಅರಿವಿ ಉಡೂದು, ಅಡಗಿ ಇಂಥಾ ದಿನದ ಕೆಲಸಾನೂ ತನ್ನಿಂದ ಆಗಂಗಿಲ್ಲ, ಊರಾಗ ನೋಡ್ಕೊಳ್ಳವ್ರೂ ಸಿಗಂಗಿಲ್ಲ ಅಂತ ತೋರಿಸಿದ್ರಷ್ಟ ತಾಯಿಗೆ ಅಲ್ಲಿ ನೆಲಸಾಕ ವೀಸಾ. ಈ ನಿಯಮ 2012ರಿಂದ ಐತಿ.

ಇಷ್ಟ ಫರಕ್ ಇದ್ರೂ, ಯಾವ ವೀಸಾ ಅಂತ ತಿಳ್ಕೊಳ್ಳಲಾರದ ಮನಿ ಮಾರೂ ಮಾತು ತಗೀತಾರಲ್ಲ, ಅದಕ್ಕ ನನಗ ಸಿಟ್ಟು. ನಮ್ಮ ಪರಿಚಯದ ಕಾಕೂ ಒಬ್ರು ಮಾಳಮಡ್ಡ್ಯಾಗಿನ ಮನಿ ಮಾರಿ ಹೋದ್ರು. ತಮ್ಮದು ಆರ ತಿಂಗಳಿನ ವೀಸಾ ಅಂತ ಅಲ್ಲಿ ಹೋದ ಮ್ಯಾಲೆ ಗೊತ್ತಾತು. ತಿರುಗಿ ಬಂದು ತಂಗಿ ಮನ್ಯಾಗ ಇಳಿದ್ರು. ಇವತ್ತಿಗೂ ಅಲ್ಲೇ ಅದಾರ. ತಂಗಿ ಪ್ರೀತಿಯಿಂದ ಇಟ್ಕೊಂಡಾಳ, ಆದ್ರ ಡಬ್ಬಿ ತಗದು ಒಂದ ಮುಟಗಿ ಅವಲಕ್ಕಿ ತಗೋಬೇಕಾದ್ರೂ ಕಾಕೂ ಕೇಳಿ ತಗೋತಾರ.

ಹಂಗಂತ ಮಕ್ಕಳು ಕೆಟ್ಟವರಲ್ರಿ. ಒಬ್ಬಾಕಿನ ಇರೂ ಅವ್ವ ರಾತ್ರಿ ಬಚ್ಚಲದಾಗ ಜಾರಿ ಬಿದ್ರ ಎತ್ತವ್ರಾರು ಅಂತ ಅವ್ರಿಗೂ ನಿದ್ದಿ ಹತ್ತಂಗಿಲ್ಲ. ಮಮ್ಮಕ್ಕಳು ಬೆಳಿಯೂದು ನೋಡೂ ಆಸೆ ಯಾರಿಗಿಲ್ಲ? ಮನಸಿದ್ದವ್ರು ಖುಷಿಲೇ ಹೋಗ್ರಿ. ಆದ್ರ ಕಾಳಜಿ ಬ್ಯಾರೆ, ಕೇಳಲಾರದ ನಿರ್ಧಾರ ಮಾಡೂದು ಬ್ಯಾರೆ.

ಅದಕ್ಕ ಸಹಿ ಹಾಕೂ ಮೊದಲ ಮೂರು ಮಾತು ಕೇಳ್ರಿ. ಇದು ಹೋಗಿ ಬರೂ ವೀಸಾನೋ, ಇರೂ ವೀಸಾನೋ? ಅಲ್ಲಿ ಜಡ್ಡು ಬಂದ್ರ ದವಾಖಾನಿ ರೊಕ್ಕ ಯಾರು ಕೊಡ್ತಾರ? ನನಗ ಅಲ್ಲಿ ಸರಿ ಹೋಗದಿದ್ರ ತಿರುಗಿ ಬರಾಕ ನನ್ನ ಮನಿ ಇರ್ತೈತೋ ಇಲ್ಲೋ? "ನಿನಗ ತಿಳಿಯಂಗಿಲ್ಲವ್ವಾ" ಅಂದ್ರ, ತಿಳಿಯೂತನಕ ಹೇಳು ಅನ್ರಿ. ಅವನಿಗೆ ಮಗ್ಗಿ ಬಾಯಿಪಾಠ ಬರೂತನಕ ನಾವೂ ಬಾಜೂಕ ಕುಂತಿದ್ವಿ ಅಲ್ಲೇನ್ರಿ?

ಇನ್ನ ನಾವು ಓಣಿಯವ್ರು. ಮುಂದಿನ ಸಲ ಯಾರದರ ವೀಸಾ ಬಂದ್ರ ಪೇಢಾ ಆಮ್ಯಾಲೆ ಕೇಳೋಣು. ಮೊದಲ, "ವೈನಿ, ನಿಮಗ ಹೋಗೂ ಮನಸೈತೇನ್ರಿ?" ಅಂತ ಕೇಳೋಣು.