ನಮ್ಮ ಬಾಲಿಕೆಯರೂ ವಿಡಿಯೋ ಆಟಗಳೂ

ಪಾಲಕರ ಸಭೆಯಲ್ಲಿ ನಮ್ಮ ಮುಂದೆ ಬರುವ ಪ್ರಶ್ನೆಗಳಲ್ಲಿ ಒಂದು ಈಚಿನ ವರುಷಗಳಲ್ಲಿ ತಪ್ಪಿದ್ದೇ ಇಲ್ಲ: "ಟೀಚರ್, ಮಗಳು ಮೊಬೈಲಿನಲ್ಲಿ ಆಟವಾಡುತ್ತಾಳೆ. ದಿನಕ್ಕೆ ಎಷ್ಟು ಹೊತ್ತು ಬಿಡಬಹುದು?" ಪ್ರಶ್ನೆಯು ಯೋಗ್ಯವಾದದ್ದೇ. ಆದರೆ ಅದಕ್ಕಿಂತ ಮೊದಲು ಕೇಳತಕ್ಕ ಬೇರೊಂದು ಪ್ರಶ್ನೆಯುಂಟು. ಅದನ್ನು ಕೇಳುವವರು ವಿರಳ. ಆಕೆಯು ಹೇಗೆ ಆಡುತ್ತಾಳೆ ಎಂಬದೇ ಆ ಪ್ರಶ್ನೆ. ಒಂದೇ ಆಟವನ್ನು ಹತ್ತು ಮಂದಿ ಹತ್ತು ರೀತಿಯಾಗಿ ಆಡುವರು. ಆ ರೀತಿಯಲ್ಲಿ ಮಗುವಿನ ಸ್ವಭಾವವು ಕಾಣುವಷ್ಟು ಸ್ಪಷ್ಟವಾಗಿ ಪರೀಕ್ಷೆಯ ಅಂಕಗಳಲ್ಲಿ ಕಾಣುವದಿಲ್ಲವೆಂದು ನಮ್ಮ ನಂಬಿಕೆ.

1990ರ ದಶಕದಲ್ಲಿ ನಾವು ವಸತಿಗೃಹದಲ್ಲಿದ್ದು ಓದುತ್ತಿದ್ದಾಗ, ಒಬ್ಬ ಗೆಳತಿಯು ರಜೆಯಿಂದ ಹಿಂದಿರುಗುವಾಗ ಅಂಗೈಯಗಲದ ಆಟದ ಪೆಟ್ಟಿಗೆಯೊಂದನ್ನು ತಂದಳು. ಇಟ್ಟಿಗೆಯಂಥ ತುಂಡುಗಳು ಮೇಲಿನಿಂದ ಇಳಿಯುವವು. ತಿರುಗಿಸಿ ಜೋಡಿಸಿ ಒಂದು ಸಾಲು ತುಂಬಿಸಿದರೆ ಆ ಸಾಲು ಮಾಯವಾಗುವದು. ಇದರ ಮೂಲವು 1984ರಲ್ಲಿ ಮಾಸ್ಕೋ ನಗರದ ಅಲೆಕ್ಸೇ ಪಾಜಿತ್ನೋವ್ ಎಂಬವರು ರಚಿಸಿದ ಟೆಟ್ರಿಸ್ ಎಂಬ ಆಟವೆಂದು ನಮಗೆ ತಿಳಿದದ್ದು ಬಹುಕಾಲದ ಮೇಲೆ. ಅದರ ತುಂಡುಗಳು ಏಳೇ ಬಗೆ. ಪ್ರತಿಯೊಂದರಲ್ಲಿಯೂ ನಾಲ್ಕೇ ಚೌಕಗಳು. ಆದರೂ ನಮ್ಮಿಬ್ಬರ ಆಟವು ಒಂದೇ ಆಗಿರಲಿಲ್ಲ. ನಾವು ಒಂದೊಂದು ಸಾಲು ತುಂಬಿದಂತೆ ತೆಗೆದುಹಾಕಿ, ನೆಲವನ್ನು ಚೊಕ್ಕಟವಾಗಿಟ್ಟುಕೊಳ್ಳುತ್ತಿದ್ದೆವು. ಆಕೆಯಾದರೋ ಅಂಚಿನಲ್ಲಿ ಒಂದು ಸಂದು ಬಿಟ್ಟು ಗೋಡೆಯನ್ನು ಎತ್ತರಿಸುತ್ತಾ ಹೋಗಿ, ಉದ್ದನೆಯ ಕೋಲು ಬರುವ ತನಕ ಕಾದು, ನಾಲ್ಕು ಸಾಲುಗಳನ್ನು ಒಂದೇ ಏಟಿಗೆ ಕೆಡವುತ್ತಿದ್ದಳು. 1989ರಲ್ಲಿ ನಿಂಟೆಂಡೋ ಸಂಸ್ಥೆಯವರು ಹೊರತಂದ ಟೆಟ್ರಿಸ್ ಆಟದ ಲೆಕ್ಕವನ್ನು ನೋಡಿರಿ: ಪ್ರಾರಂಭದ ಹಂತದಲ್ಲಿ ಒಂದು ಸಾಲಿಗೆ 40 ಅಂಕ, ನಾಲ್ಕನ್ನು ಒಟ್ಟಿಗೆ ತೆಗೆದರೆ 1200. ನಮ್ಮಂತೆ ಬಿಡಿಬಿಡಿಯಾಗಿ ನಾಲ್ಕು ತೆಗೆದವರಿಗೆ ದೊರೆಯುವದು 160 ಮಾತ್ರ. ಆದರೆ ಕೋಲು ಬಾರದೆ ಹೋದರೆ ಗೋಡೆಯು ನೆತ್ತಿಗೇರಿ ಆಟವೇ ಮುಗಿಯುವದು. ನಮ್ಮ ಎಚ್ಚರಿಕೆಯನ್ನು ಕಂಡು ಆಕೆಗೆ ನಗು. ಆಕೆಯ ಧೈರ್ಯವನ್ನು ಕಂಡು ನಮಗೆ ಎದೆಬಡಿತ.

ಈ ಭೇದಗಳನ್ನು ಕುರಿತು ತಿಳಿದವರು ಬರೆದದ್ದೂ ಉಂಟು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ರಾಯ್ ಟ್ರಬ್‌ಶಾ, ರಿಚರ್ಡ್ ಬಾರ್ಟಲ್ ಎಂಬ ವಿದ್ಯಾರ್ಥಿಗಳು ಚಿತ್ರವಿಲ್ಲದೆ ಬರಿಯ ಮಾತುಗಳಿಂದಲೇ ಕಟ್ಟಿದ, ಅನೇಕರು ಕೂಡಿ ಆಡುವ ಗಣಕದ ಲೋಕವೊಂದನ್ನು ನಿರ್ಮಿಸಿದರು. ಮುಂದೆ 1996ರಲ್ಲಿ ಬಾರ್ಟಲ್ ಅವರು ಒಂದು ಪ್ರಬಂಧವನ್ನು ಬರೆದು, ಇಂಥ ಲೋಕಗಳಲ್ಲಿ ಆಡುವವರನ್ನು ಇಸ್ಪೀಟೆಲೆಯ ನಾಲ್ಕು ಬಣ್ಣಗಳಿಗೆ ಹೋಲಿಸಿದರು. (ಈ ಸಂಚಿಕೆಯಲ್ಲಿ ಇಸ್ಪೀಟಿನ ಹೆಸರೆತ್ತಿದ್ದಕ್ಕಾಗಿ ಹಿರಿಯರು ನಮ್ಮನ್ನು ಮನ್ನಿಸಬೇಕು.) ನಿಧಿಯನ್ನೂ ಪದವಿಯನ್ನೂ ಗಳಿಸುವದಕ್ಕಾಗಿ ಆಡುವವರು ಡೈಮಂಡ್. ಲೋಕದ ಮೂಲೆಮೂಲೆಗಳನ್ನು ಅಗೆದು ನೋಡುವವರು ಇಸ್ಪೀಟು. ಇಂಗ್ಲಿಷಿನಲ್ಲಿ ಆ ಎಲೆಗೂ ಅಗೆಯುವ ಸಲಿಕೆಗೂ ಒಂದೇ ಹೆಸರು. ಜೊತೆಯವರ ಸಂಗಡ ಮಾತಾಡಿ ಸ್ನೇಹ ಬೆಳೆಸುವದಕ್ಕಾಗಿಯೇ ಬರುವವರು ಹೃದಯದ ಗುರುತಿನ ಆಟೀನು. ಇತರರ ಮೇಲೆ ಬಿದ್ದು ಸೋಲಿಸುವದರಲ್ಲಿ ಸುಖಪಡುವವರು ಕಳಾವರು. ಅದಕ್ಕೆ ಇಂಗ್ಲಿಷಿನಲ್ಲಿ ದೊಣ್ಣೆಯ ಹೆಸರು. ಒಬ್ಬರು ಸದಾ ಒಂದೇ ಬಣ್ಣದಲ್ಲಿ ಇರುವದಿಲ್ಲ, ಮನಸ್ಸು ಬಂದಂತೆ ಅತ್ತಿತ್ತ ಸರಿಯುವರೆಂದೂ ಅವರೇ ಹೇಳಿರುತ್ತಾರೆ.

ಇದನ್ನೆಲ್ಲ ಓದುವ ಮೊದಲು ನಾವು ಮಾಡಿದ ತಪ್ಪೊಂದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರುಷಗಳ ಕೆಳಗೆ ಒಬ್ಬ ತಂದೆಯು ತಮ್ಮ ಇಬ್ಬರು ಹೆಣ್ಣುಮಕ್ಕಳೊಡನೆ ಪಾಲಕರ ಸಭೆಗೆ ಬಂದಿದ್ದರು. ಇಬ್ಬರೂ ಮೈನ್‌ಕ್ರಾಫ್ಟ್ ಎಂಬ ಆಟವನ್ನು ಆಡುತ್ತಿದ್ದರು. 2011ರಲ್ಲಿ ಸ್ವೀಡನ್ ದೇಶದಿಂದ ಪೂರ್ಣರೂಪದಲ್ಲಿ ಹೊರಬಂದ ಈ ಆಟದಲ್ಲಿ ಎಲ್ಲವೂ ಚೌಕದ ಗಟ್ಟಿಗಳಿಂದಾದದ್ದು. ಬೇಕಾದರೆ ಹಸಿವೆ, ಕತ್ತಲೆ, ಭೂತಗಳನ್ನು ಎದುರಿಸಿ ಬದುಕಬಹುದು, ಬೇಡವಾದರೆ ಯಾವ ಭಯವೂ ಇಲ್ಲದೆ ಕಟ್ಟುತ್ತಾ ಕೂತಿರಬಹುದು. "ದೊಡ್ಡವಳು ಕಡೆಯಲ್ಲಿರುವ ಘಟಸರ್ಪವನ್ನು ಕೊಂದು ಮುಗಿಸಿದಳು. ಚಿಕ್ಕವಳು ಮೂರು ತಿಂಗಳಿನಿಂದ ಸುಮ್ಮನೆ ಅಲೆಯುತ್ತಾಳೆ, ಆಟದಲ್ಲಿಯೂ ಸೋಮಾರಿ" ಎಂದು ತಂದೆಯು ದೂರಿದರು. ನಾವು ವಿಚಾರಿಸದೆ, ಆ ಬಾಲಿಕೆಯ ಕಡೆಗೆ ತಿರುಗಿ, "ಹಿಡಿದ ಕೆಲಸವನ್ನು ಮುಗಿಸುವದನ್ನು ಕಲಿ, ಮಗಳೇ" ಅಂದೆವು. ಆಕೆ ತಲೆತಗ್ಗಿಸಿ ನಿಂತಳು.

ಆ ವರುಷದ ಕೊನೆಯಲ್ಲಿ ನೋಟುಪುಸ್ತಕಗಳನ್ನು ನೋಡುತ್ತಿದ್ದಾಗ, ಆಕೆಯ ಭೂಗೋಳದ ಪುಸ್ತಕದ ಹಿಂಭಾಗದಲ್ಲಿ ಪೆನ್ಸಿಲಿನಿಂದ ಬರೆದ ನಕ್ಷೆಗಳು ಸಿಕ್ಕಿದವು. ಮೈನ್‌ಕ್ರಾಫ್ಟಿನ ಒಂದು ನದಿಯನ್ನು ಆಕೆ ಸಮುದ್ರ ಮುಟ್ಟುವ ತನಕ ಹಿಂಬಾಲಿಸಿ, ದಡದ ಹಳ್ಳಿ, ಗವಿ, ಕಾಡುಗಳನ್ನು ಚೌಕ ಎಣಿಸಿ ಗುರುತಿಸಿದ್ದಳು. ಪ್ರತಿ ನಕ್ಷೆಗೂ ತಾರೀಖು ಇತ್ತು. ಕಡೆಯ ತಾರೀಖು ಆ ಸಭೆಯ ಹಿಂದಿನ ದಿನದ್ದು. ಆಮೇಲೆ ಹಾಳೆಗಳು ಬರಿದಾಗಿದ್ದವು. ಕರೆದು ಕೇಳಿದೆವು. "ಈಗ ಆಡುವದಿಲ್ಲ ಟೀಚರ್, ನನಗೆ ಮುಗಿಸುವದಕ್ಕೆ ಬರುವದಿಲ್ಲ" ಅಂದಳು.

ಆ ಉತ್ತರವು ನಮ್ಮನ್ನು ಬಹಳ ದಿನ ನೋಯಿಸಿತು. ಯಾಕಂದರೆ ತಪ್ಪು ಆ ತಂದೆಯದಲ್ಲ. ಶಾಲೆಯಲ್ಲಿ ನಾವು ಕಲಿಸಿದ ಪಾಠವನ್ನೇ ಅವರು ಮನೆಯಲ್ಲಿ ಒಪ್ಪಿಸಿದ್ದರು. ನಮ್ಮ ಬಹುಮಾನದ ದಿನದಲ್ಲಿ ಮೊದಲು ಮುಗಿಸಿದವಳಿಗೂ ಹೆಚ್ಚು ಗಳಿಸಿದವಳಿಗೂ ಬಟ್ಟಲುಗಳುಂಟು. ಅಗೆದು ನೋಡಿದವಳಿಗೆ ಏನೂ ಇಲ್ಲ, ಸೋತ ಗೆಳತಿಯ ಪಕ್ಕದಲ್ಲಿ ಕೂತವಳಿಗೂ ಇಲ್ಲ. ಇನ್ನು ಸ್ಪರ್ಧೆಯಲ್ಲಿ ಇತರರನ್ನು ಸೋಲಿಸಿ ಹಿಗ್ಗುವ ಹುಡುಗಿಗೆ "ಹೆಣ್ಣುಮಗಳಿಗೆ ಇಷ್ಟು ಛಲ ತರವಲ್ಲ" ಎನ್ನುವವರಿದ್ದಾರೆ. ಅದನ್ನೂ ನಾವು ಒಪ್ಪುವದಿಲ್ಲ. ಸೋತಾಗ ಎದುರಾಳಿಯನ್ನು ನಿಂದಿಸದೆ ಏಳುವದನ್ನು ಕಲಿತರೆ ಆ ಛಲವೂ ಗುಣವೇ.

ಹಾಗಾದರೆ ಹೊತ್ತಿನ ಲೆಕ್ಕ ಬೇಡವೋ ಎಂದು ಕೇಳುವಿರಿ. ಬೇಕು. ನಿದ್ರೆ, ಊಟ, ಪಾಠಗಳನ್ನು ಕದಿಯುವ ಆಟಕ್ಕೆ ಯಾವ ರೀತಿಯೂ ಸಮರ್ಥನೆಯಾಗದು. ಆದರೂ ಒಂದು ಮಾತನ್ನು ಗಮನಿಸಿರಿ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆಯು ಒಪ್ಪಿದ ರೋಗಗಳ ಪಟ್ಟಿಯಲ್ಲಿ ಆಟದ ಗೀಳು ಸೇರಿರುತ್ತದೆ. ಅದರ ಲಕ್ಷಣವನ್ನು ಗಂಟೆಗಳ ಲೆಕ್ಕದಿಂದ ಹೇಳಿಲ್ಲ: ಆಡುವದು ತನ್ನ ಹಿಡಿತಕ್ಕೆ ಸಿಕ್ಕದಿರುವದು, ಬೇರೆಲ್ಲಕ್ಕಿಂತ ಅದೇ ಮುಂದಾಗುವದು, ಕೇಡು ಕಂಡರೂ ಬಿಡಲಾಗದಿರುವದು, ಇಷ್ಟೂ ಸಾಮಾನ್ಯವಾಗಿ ಒಂದು ವರುಷವಾದರೂ ನಡೆದಿರುವದು. ಇಂಥ ಲಕ್ಷಣಗಳು ಕಂಡುಬಂದಲ್ಲಿ ಗದರಿಸುವದರಿಂದ ಫಲವಿಲ್ಲ, ವೈದ್ಯರ ಬಳಿಗೆ ಹೋಗತಕ್ಕದ್ದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕಾಗಿ 2014ರಲ್ಲಿಯೇ ಪ್ರತ್ಯೇಕ ಚಿಕಿತ್ಸಾಲಯವು ಆರಂಭವಾಯಿತು. ಆದರೆ ಮಗಳ ಪಕ್ಕದಲ್ಲಿ ಎಂದೂ ಕೂತು ನೋಡದವರಿಗೆ ಹಿಡಿತವು ತಪ್ಪಿದ್ದು ತಿಳಿಯುವದಾದರೂ ಹೇಗೆ?

ಆದ್ದರಿಂದ ಪಾಲಕರಲ್ಲಿ ನಮ್ಮ ಬಿನ್ನಹವಿಷ್ಟೆ. ವಾರದಲ್ಲಿ ಒಂದು ಸಂಜೆ ಮಗಳ ಪಕ್ಕದಲ್ಲಿ ಕೂತು, "ಇದರಲ್ಲಿ ನಿನಗೆ ಯಾವದು ಇಷ್ಟ, ತೋರಿಸು" ಅನ್ನಿರಿ. ತೀರ್ಪನ್ನು ಆಮೇಲೆ ಕೊಡಿರಿ. ಮಧ್ಯಾಹ್ನದ ಬಿಡುವಿನಲ್ಲಿ ಮಿಠಾಯಿಗಳನ್ನು ಸಾಲುಗೂಡಿಸುವ ಕ್ಯಾಂಡಿ ಕ್ರಷ್ ಆಡುತ್ತಾ "ನಾವೇನೂ ಆಟವಾಡುವದಿಲ್ಲ" ಎನ್ನುವ ತಾಯಂದಿರು, ತಾವು ಯಾವ ರೀತಿಯವರೆಂದು ಮೊದಲು ನೋಡಿಕೊಂಡರೆ ಇನ್ನೂ ಒಳ್ಳೇದು.

ಹಳೆಯ ವಿದ್ಯಾರ್ಥಿನಿಯರಿಗೂ ಒಂದು ಮಾತು. ಯಾರೂ ಹೇಳದೆ ತಾನಾಗಿ ಏನನ್ನಾದರೂ ಹುಡುಕಿ ಬರೆದಿಟ್ಟ ಬಾಲಿಕೆಗೆ ಬರುವ ವರುಷದಿಂದ ಒಂದು ಬಹುಮಾನವನ್ನಿಡಬೇಕೆಂದು ಆಲೋಚಿಸಿದ್ದೇವೆ. ಯಾವ ಪುಸ್ತಕದಲ್ಲಿ ಬರೆದಳು, ಯಾವ ಲೋಕದಲ್ಲಿ ಹುಡುಕಿದಳು ಎಂಬದನ್ನು ನಾವು ಕೇಳುವದಿಲ್ಲ. ಅದು ಹೇಗಿರಬೇಕೆಂದು ತಾವು ಬರೆದು ತಿಳಿಸಿದರೆ ಉಪಕಾರವಾಗುವದು.